ಆರ್ಡರ್ ಕಾಪಿ ಕೈಗೆ ಬರೋವರೆಗೂ

ಕಳೆದ ಫೆಬ್ರವರಿಯಲ್ಲಿ ನಮ್ಮ ಆಫೀಸಿನಲ್ಲಿ ಒಂದು ಟೆಂಪರರಿ ಕೆಲಸಕ್ಕೆ ಇಂಟರ್‌ವ್ಯೂ ನಡೆಯಿತು. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಮಧ್ಯಮ ಗಾತ್ರದ ಕಂಪನಿ ನಮ್ಮದು. ಖರೀದಿ ವಿಭಾಗದ ಸಹೋದ್ಯೋಗಿಯೊಬ್ಬಳು ಹೆರಿಗೆಗೆ ಹೊರಟಿದ್ದಳು. ಅವಳ ಜಾಗಕ್ಕೆ ಒಂದೂವರೆ ವರ್ಷದ ಮಟ್ಟಿಗೆ ಯಾರಾದರೂ ಬೇಕಿತ್ತು. ಬಂದವರಿಗೆ ಕೆಲಸ ಕಲಿಸಬೇಕಾದವನು ನಾನೇ ಆದ್ದರಿಂದ ನನ್ನನ್ನೂ ಒಳಗೆ ಕೂರಿಸಿಕೊಂಡಿದ್ದರು.

ಬಂದವನು ಆಗಷ್ಟೇ ಡಿಗ್ರಿ ಮುಗಿಸಿದ್ದ ಹುಡುಗ. ಚುರುಕಾಗಿದ್ದ. ಮುಂದಿಟ್ಟ ಕಾಫಿ ಕುಡಿಯುವ ಮೊದಲೇ, ಯಾರೂ ಕೇಳದೆ, ತಾನಾಗಿ ಹೇಳಿಬಿಟ್ಟ: "ಅಕ್ಟೋಬರ್‌ನಿಂದ ನಾನು ವಿಯೆನ್ನಾದಲ್ಲಿ ಮಾಸ್ಟರ್ಸ್ ಸೇರುತ್ತಿದ್ದೇನೆ. ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಇರಬಲ್ಲೆ."

ಮುಗೀತು ಇವನ ಕತೆ ಅಂದುಕೊಂಡೆ. ನಮ್ಮ ಬಾಸ್ ಕ್ಯಾಲೆಂಡರ್ ತೆಗೆದು ತಿಂಗಳು ಎಣಿಸಿದರು. ಸೆಪ್ಟೆಂಬರ್ 30ಕ್ಕೇ ಒಪ್ಪಂದ ನಿಲ್ಲಿಸೋಣ, ಮಿಕ್ಕ ವರ್ಷಕ್ಕೆ ಬೇಸಿಗೆಯಲ್ಲೇ ಇನ್ನೊಬ್ಬರನ್ನು ಹುಡುಕೋಣ ಅಂದರು. ಕೆಲಸ ಅವನಿಗೇ ಸಿಕ್ಕಿತು.

ಆಮೇಲೆ ಎಚ್‌ಆರ್ ಮೇಡಂ ಹತ್ತಿರ ಸುಮ್ನೆ ಕೇಳಿದೆ. ಅವನು ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತಲ್ವಾ? ನನ್ನ ತಲೆ ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿತ್ತು. ಏಪ್ರಿಲ್ 1ಕ್ಕೆ ಸೇರಿದರೆ ಆರು ತಿಂಗಳ ಪ್ರೊಬೇಷನ್ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಪ್ರೊಬೇಷನ್ನಿನಲ್ಲಿ ಎರಡು ವಾರದ ನೋಟಿಸ್ ಸಾಕು, ಅದು ಇಲ್ಲಿನ ಕಾನೂನು. ಗಣೇಶನ ಹಬ್ಬ ಮುಗಿಸಿಕೊಂಡು ಒಂದು ಚೀಟಿ ಕೊಟ್ಟು ಹೊರಟರಾಯಿತು. ಆಕೆ ನನ್ನ ಮುಖ ನೋಡಿ, "ನಿಮ್ಮ ಕಡೆ ಹಾಗೆ ಮಾಡುತ್ತಾರಾ?" ಅಂದಳು. ತಿಳಿದುಕೊಳ್ಳಲಿಕ್ಕೇ ಕೇಳಿದ್ದು, ಚುಚ್ಚಲಿಕ್ಕಲ್ಲ. ಆದರೂ ಚುಚ್ಚಿತು.

ಮಾಡುತ್ತಾರೆ ಮೇಡಂ. ಅದನ್ನೇ ಮಾಡುತ್ತಾರೆ.

ನಮ್ಮಲ್ಲಿ ಮುಂದಿನ ಕೆಲಸದ ಸುದ್ದಿ ಮೂರು ತಿಂಗಳು ತುಂಬದ ಬಸಿರಿದ್ದ ಹಾಗೆ. ಮನೆಯೊಳಗೆ ಎಲ್ಲರಿಗೂ ಗೊತ್ತಿರುತ್ತದೆ, ಹೊರಗೆ ಯಾರೂ ಉಸಿರೆತ್ತುವಂತಿಲ್ಲ. ಪರೀಕ್ಷೆ ಬರೆದದ್ದು ಹೇಳಬಾರದು, ಪಾಸಾದದ್ದು ಹೇಳಬಾರದು, ಲಿಸ್ಟಲ್ಲಿ ಹೆಸರು ಬಂದರೆ ಮೊದಲೇ ಹೇಳಬಾರದು. ದೃಷ್ಟಿ ತಾಗುತ್ತದೆ. ಯಾರೋ ಹೊಟ್ಟೆಕಿಚ್ಚಿಗೆ ಅರ್ಜಿ ಹಾಕುತ್ತಾರೆ. ಮುಹೂರ್ತ ಕೆಡುತ್ತದೆ. ಆರ್ಡರ್ ಕಾಪಿ ಕೈಗೆ ಬಂದ ದಿನ ಪೇಡೆ ಡಬ್ಬದ ಜೊತೆಯೇ ರಾಜೀನಾಮೆ.

ಇಲ್ಲಿಯವರದು ತದ್ವಿರುದ್ಧ. ರಜೆಗೆ ಹೊರಟಿದ್ದ ಆ ಸಹೋದ್ಯೋಗಿಯನ್ನೇ ನೋಡಿ. ಮಗುವನ್ನು ನೋಡಿಕೊಳ್ಳುವ ರಜೆ ಶುರುವಾಗುವುದಕ್ಕೆ ಏಳು ವಾರ ಮುಂಚೆಯಾದರೂ ಬರೆದು ಕೊಡಬೇಕು, ಮೊದಲ ಎರಡು ವರ್ಷದಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಬರುವುದಿಲ್ಲ ಅಂತ ತಾರೀಕು ಸಮೇತ ತಿಳಿಸಬೇಕು. ನಮ್ಮಮ್ಮನಿಗೆ ಇದನ್ನು ಹೇಳಿದಾಗ, "ಕೂಸು ಹುಟ್ಟೋಕೆ ಮುಂಚೆ ಕುಲಾವಿನಾ?" ಅಂತ ನಕ್ಕರು. ಹೌದಮ್ಮ, ಕುಲಾವಿ ಮಾತ್ರ ಅಲ್ಲ, ಅಮ್ಮ ವಾಪಸ್ ಕೆಲಸಕ್ಕೆ ಬರುವ ದಿನವನ್ನೂ ಹೊಲಿದಿಟ್ಟಿರುತ್ತಾರೆ.

ಈಗ ನನ್ನ ಅಕ್ಕನ ಮಗಳ ವಿಷಯಕ್ಕೆ ಬರುತ್ತೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಅವಳಿದ್ದದ್ದು. ಗಣಿತದಲ್ಲಿ ಬಿಎಸ್ಸಿ, ಮೇಲೆ ಬಿಎಡ್. 2022ರ ಮೇ ತಿಂಗಳಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ಪರೀಕ್ಷೆ ಬರೆದಿದ್ದಳು, ಆ 15,000 ಹುದ್ದೆಗಳ ನೇಮಕಾತಿ. ಹೆಸರು ಲಿಸ್ಟಲ್ಲಿ ಬಂತು. ಲಿಸ್ಟ್ ಹೈಕೋರ್ಟಿಗೆ ಹೋಯಿತು. ಇತ್ತ 2023ರ ಜೂನ್‌ನಲ್ಲಿ ಅಲ್ಲೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಒಂದು ವರ್ಷದ ಮಟ್ಟಿಗೆ ಮ್ಯಾಥ್ಸ್ ಟೀಚರ್ ಬೇಕು ಅಂದರು. ಇಂಟರ್‌ವ್ಯೂ ಹಿಂದಿನ ರಾತ್ರಿ ನಮ್ಮ ಮನೆಯ ದೊಡ್ಡವರೆಲ್ಲ ಸ್ಪೀಕರ್ ಫೋನಿನಲ್ಲಿ ಸೇರಿದ್ದರು, ನಾನೂ ಇಲ್ಲಿಂದ ಸೇರಿದ್ದೆ.

ಭಾವ ಅಂದರು, "ಸರ್ಕಾರಿ ಲಿಸ್ಟಲ್ಲಿ ಇದೀರಾ ಅಂತ ಕೇಳ್ತಾರೆ. ಇಲ್ಲ ಅನ್ನು." ಅಕ್ಕ ಅಂದಳು, "ಕೇಳದಿದ್ರೆ ನೀನಾಗಿ ಹೇಳಕ್ಕೆ ಹೋಗ್ಬೇಡ." ಅಮ್ಮ ಎಂದಿನಂತೆ, "ಆರ್ಡರ್ ಕಾಪಿ ಕೈಗೆ ಬರೋವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ ಮಗ." ಹೇಳಿದರೇನು ತಪ್ಪು ಅಂತ ನಾನು ಬಾಯಿ ಹಾಕಿದೆ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಭಾವ, "ನಿಮಗೆ ಅಲ್ಲಿ ಕೂತ್ಕೊಂಡು ಏನಪ್ಪ" ಅಂದರು. ಹೊರನಾಡಿನವರ ಸಲಹೆಗೆ ಸಿಗುವ ಮಾಮೂಲಿ ಉತ್ತರ ಅದು.

ಅವರು ಕೇಳಿದರು, ಅವಳು ಇಲ್ಲ ಅಂದಳು, ಕೆಲಸ ಸಿಕ್ಕಿತು. ಎಸ್ಸೆಸ್ಸೆಲ್ಸಿ ಸೆಕ್ಷನ್ ಒಂದನ್ನು ಅವಳಿಗೇ ಕೊಟ್ಟರು. ಅಕ್ಟೋಬರ್‌ನಲ್ಲಿ ಹೈಕೋರ್ಟಿನ ಗಂಟು ಬಿಚ್ಚಿತು. ದೀಪಾವಳಿ ಆಸುಪಾಸಿನಲ್ಲಿ ಅವಳು ಶಾಲೆ ಬಿಟ್ಟಳು. ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ ಬರೆಯಬೇಕಿದ್ದ ಮಕ್ಕಳಿಗೆ ಮ್ಯಾಥ್ಸ್ ಟೀಚರ್ ಇಲ್ಲ. ಪಕ್ಕದ ಸೆಕ್ಷನ್ನಿನ ಟೀಚರಮ್ಮನ ತಲೆಗೆ ಎರಡು ಪಟ್ಟು ಪೀರಿಯಡ್ ಬಿತ್ತು.

ನನ್ನ ತಕರಾರು ಇಷ್ಟೇ. ಮುಚ್ಚಿಟ್ಟದ್ದರಿಂದ ಆಡಳಿತ ಮಂಡಳಿಯವರ ಗಂಟೇನೂ ಹೋಗಲಿಲ್ಲ. ಫೀಸು ಜೂನಿನಲ್ಲೇ ಕಟ್ಟಿಸಿಕೊಂಡಾಗಿತ್ತು. ಹೊಡೆತ ಬಿದ್ದದ್ದು ಆ ಮಕ್ಕಳಿಗೆ, ಆ ಟೀಚರಮ್ಮನಿಗೆ. ವಿಯೆನ್ನಾದ ಹುಡುಗ ಹೇಳಿದ್ದರಿಂದ ನನಗೆ ಏನು ಸಿಕ್ಕಿತು ಗೊತ್ತಾ? ಅವನಿಗೆ ಏನನ್ನು ಕಲಿಸಬೇಕು, ಏನನ್ನು ಬಿಡಬೇಕು ಅಂತ ಮೊದಲ ದಿನವೇ ತಿಳಿಯಿತು. ವರ್ಷದ ಕೊನೆಯ ಸ್ಟಾಕ್ ಲೆಕ್ಕ ಅವನ ಕಾಲದಲ್ಲಿ ಬರುವುದೇ ಇಲ್ಲ, ಅದನ್ನು ಬಿಟ್ಟೆ. ಬೇಸಿಗೆಯ ಆರ್ಡರ್‌ಗಳನ್ನಷ್ಟೇ ಕಲಿಸಿದೆ. ಜುಲೈ ಹೊತ್ತಿಗೆ ಅವನ ನಂತರದವಳು ಗೊತ್ತಾಗಿದ್ದಳು. ಸೆಪ್ಟೆಂಬರ್‌ನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ಅವನು ಫೈಲುಗಳನ್ನು ಒಂದೊಂದಾಗಿ ಅವಳಿಗೆ ತೋರಿಸಿಕೊಟ್ಟ. ಯಾವ ಸಪ್ಲೈಯರ್ ಫೋನ್ ಎತ್ತುವುದಿಲ್ಲ, ಯಾರಿಗೆ ಮೇಲ್ ಮಾಡಿದರೆ ಕೆಲಸ ಆಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟು ಹೋದ. ನಾನು ಊರಲ್ಲಿ ಕೆಲಸ ಮಾಡುವಾಗ ಹೀಗೆ ಚಾರ್ಜ್ ಕೊಟ್ಟು ಹೋದವರನ್ನು ಕಂಡದ್ದೇ ಇಲ್ಲ. ಬೀಗದ ಕೈ ಕೊಟ್ಟು ಹೋದರೆ ಅದೇ ಜಾಸ್ತಿ.

ಬೆಂಗಳೂರಿನ ಐಟಿಯವರ ಕತೆ ಬೇರೆ ಹೇಳಬೇಕಾ? 90 ದಿನದ ನೋಟಿಸ್, ಜೇಬಿನಲ್ಲಿ ಮೂರು ಆಫರ್, ಸೇರುವ ದಿನ ಫೋನ್ ಸ್ವಿಚ್ ಆಫ್. ಅಲ್ಲಿ ಎರಡೂ ಕಡೆಯವರು ಅದೇ ಆಟ ಆಡುತ್ತಾರೆ, ಬಿಡಿ.

ಇಲ್ಲಿಗೆ ಓದಲು ಬಂದ ನಮ್ಮ ಹುಡುಗರೂ ಗಂಟಿನ ಜೊತೆ ಈ ಅಭ್ಯಾಸವನ್ನು ಹೊತ್ತು ತರುತ್ತಾರೆ. ಥೀಸಿಸ್‌ಗೆ ಬೇರೆ ಊರಿಗೆ ಹೋಗುವುದು ಗೊತ್ತಿದ್ದೂ ಹೇಳದೆ ಪಾರ್ಟ್ ಟೈಮ್ ಕೆಲಸ ಸೇರುತ್ತಾರೆ. ರಾಜ್ಯೋತ್ಸವಕ್ಕೆ ಸೇರಿದಾಗ ನಾನು ವಿಯೆನ್ನಾ ಹುಡುಗನ ಕತೆ ಹೇಳಿದೆ. ಚಿತ್ರಾನ್ನದ ತಟ್ಟೆ ಹಿಡಿದಿದ್ದ ಹುಬ್ಬಳ್ಳಿಯ ಗೆಳೆಯರೊಬ್ಬರು, "ಹೇಳಿದ್ರೂ ಕೆಲಸಾ ಕೊಡ್ತಾರ ಅಂದಮ್ಯಾಲ ಯಾಕ ಹೇಳೂದಿಲ್ರೀ? ನಮ್ಮಲ್ಲಿ ಹೇಳಿ ನೋಡ್ರಿ, ಮನೀಗೆ ಕಳಸ್ತಾರ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತು ತಲೆಯಲ್ಲಿ ಕೂತಿತು.

ಸರಿ, ಒಪ್ಪಬೇಕಾದದ್ದನ್ನು ಒಪ್ಪಿಬಿಡುತ್ತೇನೆ. ಮನಸ್ಸಿಲ್ಲದಿದ್ದರೂ.

ಮೊದಲನೆಯದು, ವಿಯೆನ್ನಾ ಹುಡುಗನ ಹತ್ತಿರ ಹೇಳಲಿಕ್ಕೆ ಒಂದು ತಾರೀಕಿತ್ತು. ಅಕ್ಟೋಬರ್ ಅಂದರೆ ಅಕ್ಟೋಬರ್, ಯೂನಿವರ್ಸಿಟಿ ಅವತ್ತೇ ತೆರೆಯುತ್ತದೆ. ನನ್ನ ಅಕ್ಕನ ಮಗಳ ಹತ್ತಿರ ಏನಿತ್ತು? ಒಂದು ಲಿಸ್ಟ್. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ಅಪ್ಪನ ಹೆಸರಿನದಾಗಬೇಕೋ ಗಂಡನ ಹೆಸರಿನದಾಗಬೇಕೋ ಅನ್ನುವ ವ್ಯಾಜ್ಯದಲ್ಲಿ ಇಡೀ ನೇಮಕಾತಿ ಸಿಕ್ಕಿಹಾಕಿಕೊಂಡಿತ್ತು. ಅವಳಿಗೆ ಮದುವೆಯೇ ಆಗಿರಲಿಲ್ಲ, ಆದರೂ ಕಾಯಬೇಕಾಯಿತು. ಮುಂದಿನ ತಿಂಗಳು ಆದೇಶ ಬರಬಹುದು, ಮೂರು ವರ್ಷ ಆಗಬಹುದು, ಲಿಸ್ಟೇ ರದ್ದಾಗಬಹುದು. ಇದನ್ನು ಇಂಟರ್‌ವ್ಯೂನಲ್ಲಿ ಹೇಗೆ ಹೇಳುವುದು? "ಹೈಕೋರ್ಟ್ ಹೇಳಿದ ದಿನ ಹೊರಡುತ್ತೇನೆ" ಅನ್ನಬೇಕಾ? ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು ಅಂತ ನಮ್ಮಲ್ಲಿ ಸಾವಿರಾರು ಜನ ಇದೇ ಲಿಸ್ಟುಗಳ ಕೆಳಗೆ ಕೂತು ಅರ್ಧ ವಯಸ್ಸು ಕಳೆದಿದ್ದಾರೆ.

ಎರಡನೆಯದು ಅವಳ ಮಾರ್ಕ್ಸ್ ಕಾರ್ಡುಗಳ ಫೈಲು. ಸೇರುವ ದಿನವೇ ಶಾಲೆಯವರು ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಬಿಎಡ್ ಮಾರ್ಕ್ಸ್ ಕಾರ್ಡುಗಳ ಒರಿಜಿನಲ್ಲನ್ನೇ ತೆಗೆದುಕೊಂಡು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ರಸೀದಿ ಇಲ್ಲ, ಒಂದು ರಿಜಿಸ್ಟರಿನಲ್ಲಿ ಸಹಿ ಅಷ್ಟೇ. ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಗೆ ಅವೇ ಬೇಕು. ಅವನ್ನು ಬಿಡಿಸಿಕೊಳ್ಳಲು ಭಾವ ಯಾರ ಯಾರ ಕೈಯಲ್ಲೋ ಹೇಳಿಸಬೇಕಾಯಿತು. ಮೇಲಾಗಿ ಸಂಬಳ ಹತ್ತೇ ತಿಂಗಳು, ಬೇಸಿಗೆ ರಜೆಗೆ ಬಿಡಿಗಾಸಿಲ್ಲ. ಅಂಥವರಿಗೆ ಮುಂಚೆಯೇ ಹೇಳಿದ್ದರೆ ಕ್ಯಾಲೆಂಡರ್ ತೆಗೆದು ತಿಂಗಳು ಎಣಿಸುತ್ತಿದ್ದರು ಅಂತ ಹೇಳುವ ಧೈರ್ಯ ನನಗೂ ಇಲ್ಲ.

ಇನ್ನೊಂದಿದೆ, ಇದು ನನ್ನ ವಾದಕ್ಕೆ ಒಗ್ಗುವುದೇ ಇಲ್ಲ. ಎಲ್ಲವನ್ನೂ ಮೊದಲೇ ಹೇಳಿಬಿಡುವ ಈ ಊರಿನಲ್ಲೂ ಹೇಳದೆ ಇರುವ ಹಕ್ಕಿದೆ. 1995ರಲ್ಲಿ ಡೆನ್ಮಾರ್ಕಿನ ಒಬ್ಬಾಕೆ ಟೆಲಿ ಡೆನ್ಮಾರ್ಕ್ ಅನ್ನುವ ಫೋನ್ ಕಂಪನಿಗೆ ಜುಲೈಯಲ್ಲಿ ಆರು ತಿಂಗಳ ಮಟ್ಟಿಗೆ ಸೇರಿದಳು. ಮೊದಲ ಎರಡು ತಿಂಗಳು ತರಬೇತಿ. ಆಗಸ್ಟ್‌ನಲ್ಲಿ ಬಂದು, ತಾನು ಬಸಿರಿ, ನವೆಂಬರ್‌ನಲ್ಲಿ ಹೆರಿಗೆ ಅಂದಳು. ಸೇರುವಾಗಲೇ ಹೇಳಬೇಕಿತ್ತು ಅಂತ ಕಂಪನಿ ಅವಳನ್ನು ತೆಗೆಯಿತು. ವ್ಯಾಜ್ಯ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2001ರಲ್ಲಿ ತೀರ್ಪು ಬಂತು: ತೆಗೆದದ್ದು ತಪ್ಪು, ಕೆಲಸ ತಾತ್ಕಾಲಿಕವಾದರೂ, ಅವಧಿಯ ದೊಡ್ಡ ಪಾಲು ಅವಳು ಬರಲಾಗದಿದ್ದರೂ. 2012ರಲ್ಲಿ ಇಲ್ಲಿನ ಕಲೋನ್‌ನ ಕಾರ್ಮಿಕ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಬಸಿರಿಯೊಬ್ಬಳ ಜಾಗಕ್ಕೆ ಬದಲಿಯಾಗಿ ಸೇರುವವಳು ತಾನೂ ಬಸಿರಿ ಅಂತ ಹೇಳಬೇಕಾಗಿಲ್ಲ ಅಂದಿತು. ಎಚ್‌ಆರ್ ಮೇಡಂ ಹತ್ತಿರ ಇದನ್ನು ಎತ್ತಿದಾಗ, "ಅದು ಬೇರೆ, ಅದಕ್ಕೆ ನಾವು ಕೇಳುವುದೇ ಇಲ್ಲ" ಅಂದಳು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಇಂಟರ್‌ವ್ಯೂನ ಮೊದಲ ಪ್ರಶ್ನೆಯೇ "ಮದುವೆ ಯಾವಾಗ?" ಅನ್ನುವುದು ನೆನಪಾಗಿ ನಾನು ಮಾತು ಬೆಳೆಸಲಿಲ್ಲ.

ಆದರೂ ಒಂದು ಮಾತು ಬಿಟ್ಟುಕೊಡುವುದಿಲ್ಲ. ಮದುವೆ ನಿಶ್ಚಯವಾಗಿ, ವೀಸಾ ಕೈಗೆ ಬಂದು, ಟಿಕೆಟ್ ಬುಕ್ ಆದ ಮೇಲೂ "ಒಂದು ವರ್ಷ ಗ್ಯಾರಂಟಿ ಇರ್ತೀನಿ ಸಾರ್" ಅಂತ ಕೆಲಸಕ್ಕೆ ಸೇರುವವರು ನಮ್ಮಲ್ಲಿ ಬೇಕಾದಷ್ಟು ಜನ. ಅಲ್ಲಿ ಹೈಕೋರ್ಟೂ ಇಲ್ಲ, ಲಿಸ್ಟೂ ಇಲ್ಲ. ದಿನ ಗೊತ್ತಿದೆ. ಅದನ್ನು ಮುಚ್ಚಿಡುವುದು ಬರೀ ಅಭ್ಯಾಸಬಲ. ಅದಕ್ಕೆ ದೃಷ್ಟಿಯ ನೆಪ ಬೇರೆ.

ಮೊನ್ನೆ ಅಕ್ಕನ ಮಗಳಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಈಗ ಅವಳು ಸರ್ಕಾರಿ ಶಾಲೆಯಲ್ಲಿ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳುತ್ತಾಳೆ. ಕೋರ್ಟ್ ಆದೇಶ ಬಂದ ದಿನವೇ ಆ ಎಸ್ಸೆಸ್ಸೆಲ್ಸಿ ಮಕ್ಕಳ ಸಲುವಾಗಿಯಾದರೂ ಯಾರಿಗಾದರೂ ಹೇಳಬಹುದಿತ್ತಲ್ಲ ಅಂದೆ.

"ಹೇಳಬೇಕಾದವರಿಗೆ ಜೂನಲ್ಲೇ ಹೇಳಿದ್ದೆ ಮಾಮ. ಪಕ್ಕದ ಸೆಕ್ಷನ್ ಮಿಸ್ಸಿಗೆ. ನಾವಿಬ್ಬರೂ ಸೇರಿ ದಸರಾ ರಜೆ ಹೊತ್ತಿಗೆ ಕಷ್ಟದ ಪಾಠ ಎಲ್ಲ ಮುಗಿಸಿದ್ವಿ."

"ಹೆಡ್‌ಮಾಸ್ಟರಿಗೆ?"

"ಅವರಿಗೆ ನಾನೇನು ಹೇಳೋದು ಮಾಮ, ಅವರ ಸೊಸೆ ಹೆಸರೂ ಅದೇ ಲಿಸ್ಟಲ್ಲಿತ್ತು. ಯಾವತ್ತು ಹೊರಡ್ತೀಯಮ್ಮ ಅಂತ ಅವರೇ ಕೇಳ್ತಿದ್ರು."