ಬಣ್ಣ ಆಗಲಿ, ಬನ್ನಿ

ಪಂಚಾಂಗದ ಲೆಕ್ಕದಲ್ಲಿ ಮಾಘ, ಫಾಲ್ಗುಣ ಎರಡೂ ಶಿಶಿರ ಋತು. ಫಾಲ್ಗುಣದ ಮಧ್ಯಾಹ್ನ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತವನಿಗೆ ಈ ಮಾತು ಹೇಳಿದರೆ ಹೊಡೆಯಲು ಬರುತ್ತಾನೆ. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡಿಹೋಗುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಅದರ ಹಿಂದೆಯೇ ಕಚೇರಿಯ ಗುಮಾಸ್ತನೂ ಓಡಿಹೋಗುತ್ತಾನೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ನಾನು ಧಾರವಾಡದವನು. ಅಪ್ಪ ಬಿಟ್ಟುಹೋದ ಎರಡು ಅಂಕಣದ ಮನೆ ಹುಬ್ಬಳ್ಳಿಯಲ್ಲಿದೆ. ಅದರ ಉತಾರ ಬೇಕಾಗಿತ್ತು. ಉತಾರವೆಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಹೇಳುವ ಒಂದು ಹಾಳೆ. ಆ ಹಾಳೆಗಾಗಿ ನಾನು ಪಾಲಿಕೆಯ ಕಚೇರಿಗೆ ಮೊದಲ ಸಲ ಹೋದದ್ದು ಸಂಕ್ರಾಂತಿಯ ಮರುದಿನ. ಗುಮಾಸ್ತರು ಎದ್ದು ನಿಂತು ನನ್ನ ಅಂಗೈಗೆ ಕುಸುರೆಳ್ಳು ಹಾಕಿ, ನಾವು ನೀವು ಎಳ್ಳು ಬೆಲ್ಲದ ಹಾಗೆ ಇರೋಣ ಎಂದರು. ಅಷ್ಟು ಹೇಳಿದವರ ಮುಂದೆ ಅರ್ಜಿ ಚಾಚುವುದು ಹೇಗೆ? ಕುಸುರೆಳ್ಳು ಬಾಯಿಗೆ ಹಾಕಿಕೊಂಡು ವಾಪಸು ಬಂದೆ. ಎರಡನೆಯ ಸಲ ಹೋದಾಗ ಎಲ್ಲರೂ ಗಣರಾಜ್ಯೋತ್ಸವದ ತಯಾರಿಯಲ್ಲಿದ್ದರು. ಮೂರನೆಯ ಸಲ, ಸಿದ್ಧಾರೂಢ ಮಠದ ತೇರು ಎಳೆದು ಬಂದ ಸುಸ್ತು. ನಾಲ್ಕನೆಯ ಸಲ ಗುಮಾಸ್ತರು ಸಮಾಧಾನವಾಗಿ, “ಬಣ್ಣ ಆಗಲಿ, ಬನ್ನಿ ಸಾಹೇಬರೇ” ಎಂದರು.

“ಯಾವ ಬಣ್ಣ?” ಎಂದು ಕೇಳಿದೆ. ಬೇರೆ ಊರಿನವರಿಗೆ ಇದು ಹುಚ್ಚು ಪ್ರಶ್ನೆ ಅನ್ನಿಸಬಹುದು. ನಮ್ಮಲ್ಲಿ ಇದು ಆಡಳಿತಾತ್ಮಕ ಪ್ರಶ್ನೆ.

ಸಂಗತಿ ಹೀಗಿದೆ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಊರುಗಳ ನಡುವೆ ಇಪ್ಪತ್ತು ಕಿಲೋಮೀಟರ್ ಅಂತರ. ಈಗ ಚಿಗರಿ ಬಸ್ಸು ಹತ್ತಿದರೆ ಒಂದು ನಿದ್ದೆಯ ದಾರಿ. ಮೇಯರ್ ಒಬ್ಬರೇ, ಆಯುಕ್ತರು ಒಬ್ಬರೇ, ಪೊಲೀಸ್ ಕಮಿಷನರೂ ಒಬ್ಬರೇ. ಹೋಳಿ ಮಾತ್ರ ಎರಡು. ಧಾರವಾಡದವರು ಹುಣ್ಣಿಮೆಯ ಮರುದಿನವೇ ಬಣ್ಣ ಆಡಿ, ಮಿಂದು, ಮಧ್ಯಾಹ್ನ ಮಲಗಿಬಿಡುತ್ತಾರೆ. ಹುಬ್ಬಳ್ಳಿಯವರಿಗೆ ಅಷ್ಟು ಅವಸರವಿಲ್ಲ. ಅವರದು ರಂಗಪಂಚಮಿ, ಐದನೆಯ ದಿನ. ಅಲ್ಲಿಯವರೆಗೆ ಓಣಿ ಓಣಿಗೆ ರತಿ ಕಾಮಣ್ಣರು ಜೋಡಿಯಾಗಿ ಕುಳಿತು ಪೂಜೆ ಮಾಡಿಸಿಕೊಳ್ಳುತ್ತಾರೆ, ರಾತ್ರಿಯಿಡೀ ಹಲಗಿ ಬಡಿಸಿಕೊಳ್ಳುತ್ತಾರೆ.

ಕಾಮಣ್ಣನ ಸ್ಥಿತಿಯನ್ನು ಯೋಚಿಸಿ. ಶಿವ ಮೂರನೆಯ ಕಣ್ಣು ತೆರೆದದ್ದು ಒಂದೇ ಸಲ. ಆದರೆ ಧಾರವಾಡದಲ್ಲಿ ಬೂದಿಯಾದ ಕಾಮ ಹುಬ್ಬಳ್ಳಿಯಲ್ಲಿ ಇನ್ನೂ ಹೂವಿನ ಹಾರ ಹಾಕಿಕೊಂಡು ಕುಳಿತಿರುತ್ತಾನೆ. ರತಿ ಒಂದು ಊರಿನಲ್ಲಿ ವಿಧವೆ, ಇನ್ನೊಂದು ಊರಿನಲ್ಲಿ ಮುತ್ತೈದೆ. ಅವಳೇನಾದರೂ ಗಂಡನ ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಒಂದೇ ಪಾಲಿಕೆ ಎರಡು ದಿನಾಂಕದ ಎರಡು ಪತ್ರ ಕೊಡಬೇಕಾಗುತ್ತದೆ. 2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಒಪ್ಪಿಗೆ ಕೊಟ್ಟಾಗ ಪತ್ರಿಕೆಗಳಲ್ಲಿ ಕಾರಣಗಳ ಮೇಲೆ ಕಾರಣ ಬಂದವು: ಅನುದಾನ, ತಾರತಮ್ಯ, ಹೋರಾಟ. ಕಾಮಣ್ಣನ ಹೆಸರನ್ನು ಯಾರೂ ಎತ್ತಲಿಲ್ಲ. ಪಾಪ, ಮೊದಲ ವಿಭಜನೆ ಮಾಡಿದವನು ಅವನೇ.

ಇನ್ನು ಮೋಜಿನ ವಿಷಯವೆಂದರೆ, ರಾಜ್ಯ ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಹೋಳಿಯೇ ಇಲ್ಲ. ಅಂದರೆ ಕಾಗದದ ಮೇಲೆ ಈ ಐದೂ ದಿನ ಕಚೇರಿಗಳು ಕೆಲಸ ಮಾಡುತ್ತಿರುತ್ತವೆ. ನಾನು ಕಾಗದವನ್ನು ನಂಬುವ ಜಾತಿಯವನು. ಇಲ್ಲವಾದರೆ ಉತಾರದ ಬೆನ್ನು ಹತ್ತುತ್ತಿರಲಿಲ್ಲ.

ಹುಣ್ಣಿಮೆಯ ಮರುದಿನ ಧಾರವಾಡದ ನಮ್ಮ ಓಣಿಯ ಹುಡುಗರು ನನ್ನನ್ನು ಗೇಟಿನಲ್ಲೇ ಹಿಡಿದರು. “ಕಾಕಾ, ಸ್ವಲ್ಪವೇ ಹಚ್ಚುತ್ತೇವೆ” ಎಂದರು. ಹೋಳಿಯಲ್ಲಿ ಸ್ವಲ್ಪ ಎಂಬ ಅಳತೆ ಕಿವಿಯ ಒಳಗಿನವರೆಗೆ ಹೋಗುತ್ತದೆ. ಬೆಳಿಗ್ಗೆಯೇ ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ. ಎಣ್ಣೆಯಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂಬುದು ಪ್ರತಿ ವರ್ಷ ನಾವು ನಮಗೇ ಹೇಳಿಕೊಳ್ಳುವ ಸುಳ್ಳು. ಅಂದು ನಳ ಬರುವ ದಿನವೂ ಆಗಿರಲಿಲ್ಲ. ನೀರು ಉಳಿಸಿ, ಒಣ ಬಣ್ಣ ಆಡಿ ಎಂಬ ಕರೆ ಪ್ರತಿ ವರ್ಷ ಕೇಳಿಬರುತ್ತದೆ. ವಾರಕ್ಕೊಮ್ಮೆ ನಳ ಬರುವ ಓಣಿಯವರಿಗೆ ನೀರು ಉಳಿಸಲು ಹೇಳುವುದು ಏಕಾದಶಿಯ ದಿನ ಊಟ ಕಡಿಮೆ ಮಾಡಿ ಎಂದಂತೆ. ಎರಡು ತಂಬಿಗೆ ನೀರಿನಲ್ಲಿ ಮುಖ ತೊಳೆದುಕೊಂಡು ಮರುದಿನ ಹುಬ್ಬಳ್ಳಿಗೆ ಹೋದೆ. ಅಲ್ಲಿ ಇನ್ನೂ ಯಾರೂ ಬಣ್ಣ ಆಡಿರಲಿಲ್ಲ. ಚೆನ್ನಮ್ಮ ವೃತ್ತದಲ್ಲಿ ಬಿಳಿ ಅಂಗಿಯ ಜನರ ನಡುವೆ ನೇರಳೆ ಕಿವಿಯವನು ನಾನೊಬ್ಬನೇ. ಕಚೇರಿಯ ಸಿಪಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಧಾರವಾಡದವರೇನು?” ಎಂದ. ಹೌದೆಂದೆ. “ನಿಮ್ಮದು ಮುಗಿಯಿತು, ನಮ್ಮದು ಆಗಬೇಕಲ್ಲ” ಎಂದ.

ರಂಗಪಂಚಮಿಯ ದಿನವೂ ಹೋದೆ. ಹಟಕ್ಕೆ ಬಿದ್ದವನ ಕಥೆ ಇದು. ಕಚೇರಿ ತೆರೆದಿತ್ತು, ಅಂದರೆ ಬಾಗಿಲು ಹಾಕಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಕುರ್ಚಿಯ ಬೆನ್ನಿಗೆ ಕರವಸ್ತ್ರವೂ ಇತ್ತು. ಹೊರಗೆ ಬಂಡಿಯ ಗಾಲಿಯಷ್ಟು ದೊಡ್ಡ ಜಗ್ಗಲಗಿ ಗುಡುಗುತ್ತಿತ್ತು, ಹುಡುಗರು ಬಾಯಿ ಬಡಿದುಕೊಳ್ಳುತ್ತಾ ಲಬೋ ಲಬೋ ಎನ್ನುತ್ತಿದ್ದರು. ಎರಡು ತಿಂಗಳಿನಿಂದ ನಾನು ಮಾಡಬೇಕೆಂದಿದ್ದದ್ದೂ ಅದನ್ನೇ. ಅವರ ಜೊತೆ ನಿಂತು ಮನಸಾರೆ ಬಾಯಿ ಬಡಿದುಕೊಂಡೆ. ನನ್ನ ಉತ್ಸಾಹ ಕಂಡು ಅವರಿಗೂ ಸಂತೋಷವಾಯಿತು. ಒಬ್ಬ ನನ್ನ ಎರಡೂ ಕೈ ಹಿಡಿದ, ಇನ್ನೊಬ್ಬ ಬಾಟಲಿಯ ಹಸಿರನ್ನು ಅಂಗೈಗೆ ಸುರಿದು ಬೆರಳು ಬೆರಳಿಗೂ ಮೆಹಂದಿ ಹಚ್ಚುವವನ ಹಾಗೆ ತಿಕ್ಕಿದ.

ಮರುದಿನ ಗುಮಾಸ್ತರು ಕುರ್ಚಿಯಲ್ಲಿದ್ದರು. ಅವರ ಹುಬ್ಬು ಗುಲಾಬಿ, ಹಲ್ಲಿನ ಸಂದಿ ನೀಲಿ. ನನ್ನನ್ನು ಕಂಡವರೇ ನಕ್ಕು, “ಬನ್ನಿ ಸಾಹೇಬರೇ, ಬಣ್ಣ ಆಯಿತಲ್ಲ, ಇವತ್ತು ಮುಗಿಸಿಯೇ ಬಿಡೋಣ” ಎಂದು ಅರ್ಜಿ ತೆಗೆದುಕೊಂಡರು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅವರು ಕಂಪ್ಯೂಟರಿನಲ್ಲಿ ಅಪ್ಪನ ಹೆಸರು ಹುಡುಕಿದರು, ಸಿಕ್ಕಿತು. ಸರ್ವರ್ ಕೂಡ ಇತ್ತು. ಬೆರಳಚ್ಚಿನ ಚಿಕ್ಕ ಯಂತ್ರವನ್ನು ನನ್ನ ಕಡೆ ತಳ್ಳಿದರು.

ಬಲ ಹೆಬ್ಬೆರಳು ಇಟ್ಟೆ. ಕೆಂಪು ದೀಪ. ಒರೆಸಿಕೊಂಡು ಮತ್ತೆ ಇಟ್ಟೆ. ಕೆಂಪು. ಎಡಗೈಯದೂ ಅದೇ. ಹತ್ತೂ ಬೆರಳು ಆದವು. ಹತ್ತೂ ಹಸಿರು, ದೀಪ ಮಾತ್ರ ಕೆಂಪು.

ಗುಮಾಸ್ತರು ನನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು, ಬಂಗಾರ ಪರೀಕ್ಷಿಸುವವರಂತೆ ತಿರುಗಿಸಿ ನೋಡಿದರು. ಆಮೇಲೆ ಬಹಳ ಮೃದುವಾಗಿ ಹೇಳಿದರು:

“ಬಣ್ಣ ಹೋಗಲಿ, ಬನ್ನಿ.”

“ಎಂದು?”

“ಯುಗಾದಿ ಆಗಲಿ.”