ಸೋಲಿಗರ ಕುಣಿತ ನೋಡಿದ್ದೀವಿ, ಮಾತು ಕೇಳಿದ್ದೀವಾ?

ಹೋದ ತಿಂಗಳು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆ. ಅಲ್ಲಿನ ಕಾಡಿನ ಜನ ಸೋಲಿಗರು. ಅವರ ಒಂದು ಪೋಡಿನಲ್ಲಿ, ಅಂದರೆ ಹಾಡಿಯಲ್ಲಿ, ವಯಸ್ಸಾದ ಸೋಲಿಗರೊಬ್ಬರ ಜೊತೆ ಕೂತು ಮಾತಾಡಿದೆ. ಎದುರಿಗೆ ಆಳೆತ್ತರದ ಲಂಟಾನ ಪೊದೆ. ನಾಯಿಯೂ ನುಗ್ಗಲಾರದಷ್ಟು ದಟ್ಟ. "ಇಲ್ಲೆಲ್ಲ ಹುಲ್ಲಿತ್ತು ಸ್ವಾಮಿ. ಆಚೆ ಗುಡ್ಡದಲ್ಲಿ ಕಡವೆ ಮೇಯೋದು ಇಲ್ಲಿಂದಲೇ ಕಾಣೋದು" ಅಂದರು. ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಲಂಟಾನ ನಮ್ಮ ನಾಡಿನ ಗಿಡವಲ್ಲ. ಹೂವು ಚೆನ್ನಾಗಿದೆ ಅಂತ ಬ್ರಿಟಿಷರ ಕಾಲದಲ್ಲಿ ತೋಟಕ್ಕೆ ತಂದಿದ್ದು. ಅದು ಕಾಡಿಗೆ ನುಗ್ಗಿದಾಗ ಸೋಲಿಗರ ಹತ್ತಿರ ಮದ್ದಿತ್ತು. ಅದೇ ತರಗು ಬೆಂಕಿ. ಚಳಿಗಾಲ ಮುಗಿಯುವ ಹೊತ್ತಿಗೆ, ಬೇಸಿಗೆ ಬಿಸಿಲು ಏರುವ ಮೊದಲೇ ಹಾಕುವ ಸಣ್ಣ ಬೆಂಕಿ. ನೆಲದ ಮೇಲೇ ಹರಿಯುತ್ತದೆ. ಒಣಗಿದ ಎಲೆ, ಲಂಟಾನದ ಎಳೆ ಸಸಿ ಸುಟ್ಟು ಆರಿಹೋಗುತ್ತದೆ. ದೊಡ್ಡ ಮರಗಳಿಗೆ ಅಷ್ಟಾಗಿ ತಾಗುವುದಿಲ್ಲ. ಮಳೆ ಬಿದ್ದರೆ ಹೊಸ ಹುಲ್ಲು. ನೆಲ್ಲಿಮರ ಹತ್ತುವ ಬಂದಳಿಕೆಗೆ ಅವರು ಉಪ್ಪಿಲು ಅನ್ನುತ್ತಾರೆ. ಅದೂ ಈ ಬೆಂಕಿಯಿಂದ ಹತೋಟಿಯಲ್ಲಿತ್ತಂತೆ.

1974ರಲ್ಲಿ ಈ ಕಾಡು ಅಭಯಾರಣ್ಯ ಆಯಿತು. ಕಾಡಿನೊಳಗೆ ಅಲ್ಲಲ್ಲಿ ಇದ್ದವರನ್ನು ತಂದು ಒಂದೊಂದು ಕಡೆ ನೆಲೆಸುವಂತೆ ಮಾಡಿದರು. ಬೇಟೆ, ಬೇಸಾಯ, ಬೆಂಕಿ ಎಲ್ಲ ನಿಂತವು. ಬೇಟೆ ನಿಂತಿದ್ದು ಸರಿ. ಆದರೆ ತರಗು ಬೆಂಕಿಯನ್ನೂ ಕಾಡ್ಗಿಚ್ಚಿನ ಲೆಕ್ಕಕ್ಕೇ ಸೇರಿಸಿದ್ದು ದೊಡ್ಡ ತಪ್ಪು. ಈಗ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಒಣ ಲಂಟಾನ ಹಿಡಿದು ಮರದ ತುದಿವರೆಗೂ ಹತ್ತುತ್ತದೆ.

ಇವರು ಕಾಡು ಹಾಳು ಮಾಡುವ ಜನ ಅಲ್ಲ. ಬೆಟ್ಟದ ರಂಗಪ್ಪ ಸೋಲಿಗರಿಗೆ ಭಾವ, ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದವನು. ಎಲ್ಲರೂ ಕೈಮುಗಿಯುವ ದೇವರನ್ನು ನೆಂಟನ ಹಾಗೆ ಮಾತಾಡಿಸುವ ಸಲುಗೆ ನನಗೆ ತುಂಬ ಇಷ್ಟ. ಹುಲಿ ಅವರಿಗೆ ಹುಲಿವೀರಪ್ಪ. ಭಾರ್ಗವಿ ಹೊಳೆ ದಡದ ದೊಡ್ಡ ಸಂಪಿಗೆ ಬರೀ ಮರವಲ್ಲ, ದೇವರು. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ. ಅದರೊಳಗೆ ಮಾರಮ್ಮ, ವೀರು ಅನ್ನುವ ದೇವರು, ನೀರಿನ ಅಬ್ಬಿ, ಸತ್ತ ಹಿರಿಯರ ಕಲ್ಲುಗುಡಿ. ಅಜ್ಜ ಮುತ್ತಜ್ಜ ಮಲಗಿರುವ ಜಾಗವನ್ನು ಯಾರಾದರೂ ಹಾಳು ಮಾಡುತ್ತಾರಾ?

2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎಬ್ಬಿಸುತ್ತಾರೇನೋ ಅನ್ನುವ ಭಯ. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ತರಬಹುದು. ಒಳ್ಳೆಯದೇ. ಆದರೆ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಮಾತು ಬಂದಾಗ ಅವರನ್ನು ಕೇಳುವವರು ಎಷ್ಟು ಜನ?

ನಾವು ಅವರನ್ನು ಗೊರುಕನ ಕುಣಿತಕ್ಕೆ ಕರೆಯುತ್ತೀವಿ. ವೇದಿಕೆ ಹತ್ತಿಸಿ, ಫೋಟೋ ತೆಗೆದು ಕಳಿಸುತ್ತೀವಿ. ಕುಣಿತ ಬೇಕು, ಖಂಡಿತ ಬೇಕು. ಆದರೆ ಸುಮ್ನೆ ಕುಣಿಸಿ ಕಳಿಸಿದರೆ ಸಾಕಾ? ಒಂದೇ ಒಂದು ಗುಡ್ಡದಲ್ಲಾದರೂ ಇಲಾಖೆಯವರು, ವಿಜ್ಞಾನಿಗಳು ಇವರ ಜೊತೆ ಸೇರಿ ತರಗು ಬೆಂಕಿ ಹಾಕಿ ನೋಡಬಹುದಲ್ವಾ?

ಹಾಗಾದರೆ ಈಗಲೇ ಬೆಂಕಿ ಹಾಕೋದಾ ಅಂತ ಪೋಡಿನ ಆ ಹಿರಿಯರನ್ನೇ ಕೇಳಿದೆ. ತಲೆ ಅಲ್ಲಾಡಿಸಿದರು. "ಈಗ ಹಾಕಂಗಿಲ್ಲ ಸ್ವಾಮಿ. ಇಷ್ಟು ಬೆಳೆದೈತೆ, ಕಾಡೇ ಹೋಗ್ತದೆ. ಮೊದಲು ಬುಡ ಸಮೇತ ಕೀಳಬೇಕು. ಆಮೇಲೆ ಬೆಂಕಿ, ಅದೂ ಕಾಲ ನೋಡ್ಕೊಂಡು."

ಆ ಕಾಲ ಯಾವುದು, ಗಾಳಿ ಹೇಗಿರಬೇಕು ಅನ್ನೋದು ಕೈಯಾರೆ ಮಾಡಿದವರಿಗೇ ಗೊತ್ತು. ಅಂಥವರು ಆ ಪೋಡಿನಲ್ಲಿ ಈಗ ನಾಲ್ಕೇ ಜನ ಉಳಿದಿದ್ದಾರಂತೆ.