ಬಜೆಟ್ ಮಂಡನೆ ಆಯ್ತು, ಬಜೆಟ್ ಮಾತ್ರ ಬಂದಿಲ್ಲ

"ಗೌರವಧನ 2 ಸಾವಿರ ಜಾಸ್ತಿ ಆಯ್ತಂತಲ್ಲ ಮೇಷ್ಟ್ರೇ, ಸ್ವೀಟು ಯಾವಾಗ?" ರಾಜ್ಯ ಬಜೆಟ್ ಮಂಡನೆಯಾದ 2025ರ ಮಾರ್ಚ್ 7ರ ಸಂಜೆಯಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸುದ್ದಿ ಟಿವಿಯಲ್ಲಿ ಬಂತು. ಮರುದಿನ ಪೇಪರಿನಲ್ಲಿ ಬಂತು. ವಾಟ್ಸಾಪ್ ಗ್ರೂಪಿನಲ್ಲಿ ಕೈ ಮುಗಿದ ಚಿತ್ರಗಳ ಜೊತೆ ಅಭಿನಂದನೆ ಬಂತು. ನನ್ನ ಖಾತೆ ಒಂದನ್ನು ಬಿಟ್ಟು ಎಲ್ಲ ಕಡೆಗೂ ಬಂತು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ. ಗಣಿತ ಹೇಳಿಕೊಡುತ್ತೇನೆ. ಕಾಯಂ ಮೇಷ್ಟ್ರು ನಿವೃತ್ತಿಯಾದ ಮೇಲೆ ಆ ಹುದ್ದೆ ತುಂಬಲೇ ಇಲ್ಲ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿ ನನ್ನ ತಲೆ ಮೇಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆ ಬಂದರೆ ಗಣಿತ ಯಾರು ಮಾಡಿದ್ದು ಅಂತ ಮೊದಲು ಹುಡುಕುವುದು ನನ್ನನ್ನೇ. ಸ್ಪೆಷಲ್ ಕ್ಲಾಸ್ ನನ್ನದು, ಮಕ್ಕಳ ವಿವರ ಆನ್‌ಲೈನ್‌ನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿಗೂ ನಾನೇ, ಸ್ವಾತಂತ್ರ್ಯ ದಿನದ ಡ್ರಿಲ್‌ಗೂ ನಾನೇ. ಸಂಬಳ ಮಾತ್ರ ಸಂಬಳ ಅಲ್ಲ, ಗೌರವಧನ. ಬೇಸಿಗೆ ರಜೆ ಬಂತೆಂದರೆ ಅದೂ ಇಲ್ಲ.

ಪಕ್ಕದ ಕುರ್ಚಿಯಲ್ಲಿ ಕೂರುವ ಕಾಯಂ ಮೇಷ್ಟ್ರಿಗೆ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಹೊಸ ಸಂಬಳ ಬಂತು. ಬರಲಿ ಬಿಡಿ, ಅವರೂ ಹೋರಾಡಿ ತಗೊಂಡಿದ್ದು. ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ.

ಆ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ 16ನೇ ಬಜೆಟ್, ಅದೂ ದಾಖಲೆ. ಶಿಕ್ಷಣಕ್ಕೆ 45,286 ಕೋಟಿ ಅಂದರು. ನೂರು ರೂಪಾಯಿಯಲ್ಲಿ ಸುಮಾರು 11 ರೂಪಾಯಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಇಷ್ಟು ದೊಡ್ಡ ರಾಶಿಯಿಂದ ಒಂದು ಹಳ್ಳಿ ಶಾಲೆಯ ಮೇಷ್ಟ್ರಿಗೆ ತಿಂಗಳ ದುಡ್ಡು ತಿಂಗಳಿಗೆ ಸರಿಯಾಗಿ ತಲುಪಬೇಕು. ಇದೇನು ಚಂದ್ರಯಾನವೇ?

ಶಾಲೆ ಶುರುವಾದ ಮೇಲೆ ಗೌರವಧನದ ಆದೇಶವೇನೋ ಬಂತು. ಆದರೆ ಆದೇಶದ ಜೊತೆ ದುಡ್ಡು ಬರಲ್ಲ. ಹಣಕಾಸು ಇಲಾಖೆ ಒಪ್ಪಬೇಕು. ಅದೂ ಒಂದೇ ಸಲಕ್ಕಲ್ಲ, ಕಂತು ಕಂತಾಗಿ. ಅಲ್ಲಿಂದ ಶಿಕ್ಷಣ ಇಲಾಖೆ ಆಯುಕ್ತರ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ. ಅಲ್ಲಿ ಬಿಲ್ ಮಾಡಿ ಖಜಾನೆಗೆ ಕಳಿಸಬೇಕು. ಖಜಾನೆಯಲ್ಲಿ ಸರ್ವರ್ ನಿಧಾನ. ಬಿಲ್ಲಿನಲ್ಲಿ ಒಂದು ಹೆಸರಿನ ಅಕ್ಷರ ಆಧಾರ್‌ಗೆ ಹೊಂದಲಿಲ್ಲ ಅಂದರೆ ಇಡೀ ತಾಲ್ಲೂಕಿನ ಬಿಲ್ ವಾಪಸ್. ನಮ್ಮ ಹೆಡ್ ಮೇಷ್ಟ್ರು ಪ್ರತಿ ತಿಂಗಳೂ ಹಾಜರಾತಿ ಕಳಿಸುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಕಾಯುವುದು ನನ್ನ ಕೆಲಸ.

ಕಚೇರಿಗೆ ಹೋಗಿ ಕೇಳಿದರೆ ಗುಮಾಸ್ತರದು ಒಂದೇ ಉತ್ತರ. "ಬಜೆಟ್ ಬಂದಿಲ್ಲ ಸರ್." ಕಚೇರಿ ಭಾಷೆಯಲ್ಲಿ ಬಜೆಟ್ ಅಂದರೆ ಮೇಲಿನಿಂದ ಬಿಡುಗಡೆಯಾಗುವ ದುಡ್ಡು. ಟಿವಿಯಲ್ಲಿ ಗಂಟೆಗಟ್ಟಲೆ ಓದಿದ್ದು ಏನು ಮತ್ತೆ ಅಂತ ಕೇಳಬೇಕು ಅನ್ನಿಸುತ್ತದೆ. ಕೇಳಲ್ಲ. ಆಯಪ್ಪನ ತಪ್ಪೇನಿದೆ? ಅವರಿಗೂ ಮೇಲಿನಿಂದ ಬರಬೇಕಲ್ಲ. ಮೇಲಿನವರನ್ನು ಕೇಳೋಣ ಅಂದರೆ, ಆ ಮೇಲಿನವರು ಎಲ್ಲಿ ಕೂರುತ್ತಾರೆ ಅಂತಲೇ ಗೊತ್ತಾಗಲ್ಲ. ಜಿಲ್ಲೆಯವರು ಬೆಂಗಳೂರು ಅಂತಾರೆ. ಬೆಂಗಳೂರಿನವರು ಬಿಡುಗಡೆ ಆಗಿದೆ, ನಿಮ್ಮ ತಾಲ್ಲೂಕಲ್ಲಿ ವಿಚಾರಿಸಿ ಅಂತಾರೆ.

ದಸರಾ ಕಳೆದು ದೀಪಾವಳಿ ಬಂದರೂ ಇದೇ ಕಥೆ. ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ನನ್ನ ಹೆಸರಿನ ಪುಟ ತುಂಬಿ ಪಕ್ಕದ ಪುಟಕ್ಕೆ ಹೋಗಿದೆ. ಮನೆ ಬಾಡಿಗೆಗೆ ತಮ್ಮನ ಹತ್ತಿರ ಕೈಸಾಲ. ಬಸ್ಸಿನಲ್ಲಂತೂ ಸಾಲ ನಡೆಯಲ್ಲ. 2025ರ ಜನವರಿಯಲ್ಲಿ ದರ ಶೇ 15 ಏರಿಸಿದರು. ಏಪ್ರಿಲ್ 1ರಿಂದ ನಂದಿನಿ ಹಾಲು 4 ರೂಪಾಯಿ ಏರಿತು. ಅವಕ್ಕೆಲ್ಲ ಯಾವ ಕಂತೂ ಇಲ್ಲ, ತಿಂಗಳುಗಟ್ಟಲೆ ಕಾಯುವುದೂ ಇಲ್ಲ. ಬೆಳಗ್ಗೆ ಎದ್ದರೆ ಜಾರಿ. ನಮ್ಮಿಂದ ತಗೊಳ್ಳುವಾಗ ಇಷ್ಟು ಚುರುಕಾಗಿರುವ ಸರ್ಕಾರಕ್ಕೆ ಕೊಡುವಾಗ ಮಾತ್ರ ಲಕ್ವಾ ಹೊಡೆಯುತ್ತದೆ.

ನಿಜವಾಗಿ ಮೈ ಉರಿದದ್ದು ಯಾವಾಗ ಹೇಳಲಾ? ಅದೇ ಬಜೆಟ್ ಅಧಿವೇಶನದ ಕೊನೆಯ ದಿನ, ಮಾರ್ಚ್ 21. ಸದನದಲ್ಲಿ ಕೂಗಾಟ, ಕಾಗದ ಹರಿದು ಎಸೆದಾಟ. ಹದಿನೆಂಟು ಶಾಸಕರ ಅಮಾನತು. ಆ ಗಲಾಟೆಯ ನಡುವೆ ಚರ್ಚೆಯೇ ಇಲ್ಲದೆ ಒಂದು ಕೆಲಸ ಸಲೀಸಾಗಿ ಮುಗಿಯಿತು. ಸಚಿವರ, ಶಾಸಕರ ಸಂಬಳ ಏರಿಸುವ ಮಸೂದೆಗಳು ಪಾಸಾದವು. ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರ. ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷ. ಭತ್ಯೆ, ಪಿಂಚಣಿ ಬೇರೆ. ಬೇರೆ ಎಲ್ಲದಕ್ಕೂ ಕಿತ್ತಾಡುವ ಪಕ್ಷಗಳಲ್ಲಿ ಒಬ್ಬರಾದರೂ ಈ ದುಡ್ಡು ಬೇಡ ಅಂತ ಸದನದ ಬಾವಿಗಿಳಿದು ಧರಣಿ ಮಾಡಿದರಾ? ಅವರ ಫೈಲಿಗೆ ಹಣಕಾಸು ಇಲಾಖೆಯಲ್ಲಿ ಕಂತು ಕೇಳಿದವರು ಯಾರು? ಅವರ ಹೆಸರಿನ ಅಕ್ಷರ ಆಧಾರ್‌ಗೆ ಹೊಂದಿತಾ ಅಂತ ನೋಡಿದವರು ಯಾರು?

ಇದನ್ನು ಹೇಳಿದ ಕೂಡಲೇ ಕೆಲವರು, "ಎಲ್ಲಾ ಗ್ಯಾರಂಟಿಗೆ ಹೋಯ್ತು ಸಾರ್, ದುಡ್ಡೆಲ್ಲಿದೆ" ಅಂತ ಶುರು ಮಾಡುತ್ತಾರೆ. ಗ್ಯಾರಂಟಿಗೆ 51,034 ಕೋಟಿ ಇಟ್ಟಿದ್ದು ನಿಜ. ಆದರೆ ನನ್ನ ಅಮ್ಮನಿಗೆ ಬರುವ ಗೃಹಲಕ್ಷ್ಮಿಯ 2 ಸಾವಿರದಿಂದಲೇ ಈ ಮನೆಯ ಗ್ಯಾಸ್ ತುಂಬಿದ್ದುಂಟು. ಅದನ್ನು ಬೈಯುವ ಬಾಯಿ ನನಗಿಲ್ಲ. ಆ ದುಡ್ಡೂ ತಿಂಗಳುಗಟ್ಟಲೆ ತಡವಾಗಿ, ಒಮ್ಮೆಗೆ ಎರಡು ಕಂತು ಬಂದದ್ದುಂಟು. ಅಲ್ಲಿಗೆ ಅಮ್ಮನೂ ನಾನೂ ಒಂದೇ ಸಾಲಿನಲ್ಲಿ. ದುಡ್ಡಿಲ್ಲ ಅನ್ನುವವರು ಇನ್ನೊಂದು ಹೇಳಲಿ. ಅದೇ ಬಜೆಟ್ಟಿನಲ್ಲಿ 1.16 ಲಕ್ಷ ಕೋಟಿ ಸಾಲ ಎತ್ತುತ್ತೇವೆ ಅಂದಿದ್ದಾರೆ. ನೂರಕ್ಕೆ 28 ರೂಪಾಯಿ ಸಾಲವೇ. ಬೆಂಗಳೂರಿನ ಸುರಂಗ ರಸ್ತೆಗೆ ಸಾಲ ತೆಗೆಯಲು ಸರ್ಕಾರ 19 ಸಾವಿರ ಕೋಟಿಗೆ ಖಾತರಿ ನಿಲ್ಲುತ್ತದೆ ಅಂತಲೂ ಅದರಲ್ಲೇ ಹೇಳಿದರು. ಸುರಂಗಕ್ಕೆ ಜಾಮೀನು ಸಿಗುತ್ತದೆ. ಗಣಿತ ಮೇಷ್ಟ್ರ ಜೂನ್ ತಿಂಗಳ ದುಡ್ಡಿಗೆ ಜಾಮೀನು ಅಂಗಡಿ ಶೆಟ್ಟರು.

ಮಾರ್ಚ್ ಬಂದರೆ ನೋಡಬೇಕು ಇವರ ಓಡಾಟ. ವರ್ಷವಿಡೀ ಮಲಗಿದ್ದ ದುಡ್ಡು ಕೊನೆಯ ವಾರದಲ್ಲಿ ಎದ್ದು ಕೂರುತ್ತದೆ. "ಇವತ್ತು ಸಂಜೆಯೊಳಗೆ ಬಿಲ್ ಹಾಕಿ, ಇಲ್ಲಾಂದ್ರೆ ಲ್ಯಾಪ್ಸ್" ಅಂತ ಫೋನ್ ಮೇಲೆ ಫೋನ್. ರಾತ್ರಿ ಹತ್ತರವರೆಗೂ ಕಚೇರಿ ದೀಪ ಉರಿಯುತ್ತದೆ. ಅಂದರೆ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಆಗುವ ಕೆಲಸವೇ ಇದು. ಹಾಗಾದರೆ ಜುಲೈನಲ್ಲಿ ಯಾಕೆ ಆಗಲ್ಲ ಸ್ವಾಮಿ?

ಹೋದ ಬಜೆಟ್ಟಿನಲ್ಲಿ ಹೇಳಿದ್ದರಲ್ಲಿ ಇಷ್ಟು ಮಾಡಿದ್ದೇವೆ ಅಂತ ಪ್ರತಿ ವರ್ಷ ಎದೆ ತಟ್ಟಿಕೊಳ್ಳುತ್ತಾರಲ್ಲ, ಆ ಲೆಕ್ಕದಲ್ಲಿ ಆದೇಶ ಹೊರಟರೆ ಸಾಕು, ಮಾಡಿದ ಹಾಗೆ. ನನಗೆ ಆ ಲೆಕ್ಕ ಬೇಡ. ಮುಂದಿನ ಭಾಷಣದಲ್ಲಿ ಅತಿಥಿ ಶಿಕ್ಷಕರ ಹೆಸರು ಎತ್ತುವುದಾದರೆ ಇಷ್ಟು ಓದಿ ಹೇಳಲಿ: ಜೂನ್ ತಿಂಗಳ ಗೌರವಧನ ಯಾವ ತಾಲ್ಲೂಕಿಗೆ ಯಾವ ದಿನ ಹೋಯಿತು, ಜುಲೈದು ಯಾವ ದಿನ, ಆಗಸ್ಟ್‌ದು ಯಾವ ದಿನ. ಬೇಕಾದರೆ ಇನ್ನೊಂದು ಗಂಟೆ ಜಾಸ್ತಿ ಓದಲಿ. ಕೂತು ಕೇಳುತ್ತೇನೆ.